ಶವರ್ ಕೆಳಗಿನ ನೆಲ ಸೋರುತ್ತಿದೆ, ಗುತ್ತಿಗೆದಾರರು ಸಿಲಿಕಾನ್ ಹಚ್ಚುತ್ತೇನೆನ್ನುತ್ತಾರೆ

ಪ್ರಶ್ನೆ: ನಮ್ಮ ಮನೆ ಕಟ್ಟಿ ಇಪ್ಪತ್ತೆರಡು ವರ್ಷವಾಯಿತು. ಮಹಡಿಯ ಬಚ್ಚಲುಮನೆಯ ಹಳೆಯ ಟೈಲ್ಸ್ ಕೀಳಿಸಿ, ಒಂದು ಮೂಲೆಗೆ ಗಾಜಿನ ಮರೆ ಹಾಕಿಸಿ, ಶವರ್ ಜಾಗವನ್ನು ಹೊಸದಾಗಿ ಮಾಡಿಸಿದೆವು. ಸಾಮಗ್ರಿ, ಕೂಲಿ ಎರಡೂ ಸೇರಿ 1,60,000 ರೂಪಾಯಿಗೆ ಒಪ್ಪಿದ ಗುತ್ತಿಗೆದಾರರಿಗೆ 1,40,000 ಕೊಟ್ಟಾಗಿದೆ. ಮೂರು ತಿಂಗಳೂ ಕಳೆದಿಲ್ಲ, ನೀರು ಮೂಲೆಯಲ್ಲಿ ನಿಲ್ಲುತ್ತಿದೆ, ಕೆಲವು ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಕೆಳಗಿನ ಊಟದ ಕೋಣೆಯ ಚಾವಣಿಯಲ್ಲಿ ತೇವದ ಕಲೆ ಕಾಣಿಸಿಕೊಂಡಿದೆ. ಸಂದುಗಳಿಗೆ ಸಿಲಿಕಾನ್ ಹಚ್ಚಿದರೆ ಸಾಕು, ಬಾಕಿ 20,000 ಮೊದಲು ಕೊಡಿ ಎನ್ನುತ್ತಾರೆ ಅವರು. ಬರಹದ ಕರಾರು ಇಲ್ಲ. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಬಾಕಿ ಹಣವನ್ನು ಈಗ ಕೊಡಬೇಡಿ, ಸಿಲಿಕಾನ್ ಹಚ್ಚಲೂ ಬಿಡಬೇಡಿ. ಟೈಲ್ಸ್ ನಡುವಿನ ಸಂದು ತುಂಬುವ ಗ್ರೌಟ್ ಆಗಲಿ, ಸಿಲಿಕಾನ್ ಆಗಲಿ ನೀರನ್ನು ತಡೆಯುವ ಮುಖ್ಯ ಪದರವಲ್ಲ. ಆ ಕೆಲಸ ಟೈಲ್ಸ್ ಕೆಳಗೆ ಬಳಿಯುವ ವಾಟರ್ ಪ್ರೂಫಿಂಗ್ ಪದರದ್ದು. ಅದೇ ಸರಿಯಿಲ್ಲದಿದ್ದರೆ ಮೇಲೆ ಏನು ಹಚ್ಚಿದರೂ ಸೋರಿಕೆ ಕೆಲವು ತಿಂಗಳು ಮರೆಯಾಗಿದ್ದು ಮತ್ತೆ ಬರುತ್ತದೆ, ಅಷ್ಟರಲ್ಲಿ ನಿಮ್ಮ ಕೈಯಲ್ಲಿರುವ ಸಾಕ್ಷ್ಯವೂ ಮುಚ್ಚಿಹೋಗಿರುತ್ತದೆ.

ಆದರೆ ಗುತ್ತಿಗೆದಾರರ ಮೇಲೆ ತಪ್ಪು ಹೊರಿಸುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಚಾವಣಿಯ ಕಲೆಯ ಅಂಚಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದು ಫೋಟೊ ತೆಗೆಯಿರಿ. ಕಲೆಯ ಹತ್ತಿರ ದೀಪವೋ ಫ್ಯಾನೋ ಇದ್ದರೆ ಅದರ ವಿದ್ಯುತ್ ಸಂಪರ್ಕವನ್ನು ತಪ್ಪಿಸಿಬಿಡಿ. ಬಳಿಕ ಒಂದು ವಾರ ಆ ಬಚ್ಚಲಿನಲ್ಲಿ ಸ್ನಾನ ಮಾಡದೆ, ನೀರಿನ ಲೈನ್ ಮಾತ್ರ ಎಂದಿನಂತೆ ತೆರೆದಿಡಿ. ಆಗಲೂ ಕಲೆ ಬೆಳೆದರೆ ಗೋಡೆಯೊಳಗಿನ ಪೈಪಿನ ಮೇಲೆ, ನೀರನ್ನು ಶವರ್‌ಗೋ ನಲ್ಲಿಗೋ ತಿರುಗಿಸುವ ಡೈವರ್ಟರ್ ಕೂಡಿಸಿದ ಜಾಗದ ಮೇಲೆ ಅನುಮಾನ ಪಡಬೇಕಾಗುತ್ತದೆ; ಪ್ಲಂಬರ್ ಒತ್ತಡದ ಪಂಪು ಹಚ್ಚಿ ಪರೀಕ್ಷಿಸಿದರೆ ಅದು ತಿಳಿಯುತ್ತದೆ. ಕಲೆ ಒಣಗುತ್ತಾ ಬಂದರೆ ದೋಷವಿರುವುದು ಬಹುಮಟ್ಟಿಗೆ ನೆಲದಲ್ಲಿ ಅಥವಾ ಕೊಳಚೆ ನೀರು ಹೋಗುವ ಕೊಳವೆಯಲ್ಲಿ. ಇವೆರಡರಲ್ಲಿ ಯಾವುದೆಂದು ತಿಳಿಯಲು ನಹಾನಿ ಟ್ರ್ಯಾಪಿನ, ಅಂದರೆ ನೆಲದಲ್ಲಿ ನೀರು ಹೊರಹೋಗುವ ಜಾಲರಿಯ ಕೆಳಗಿನ ಬಟ್ಟಲಿನ, ಬಾಯಿಗೆ ಬಟ್ಟೆ ಬಿಗಿದು, ಶವರ್ ಜಾಗದಲ್ಲಿ ಒಂದಂಗುಲ ನೀರು ಕಟ್ಟಿ, 24 ಗಂಟೆ ಬಿಡಿ. ಕೆಳಗೆ ತೇವ ಮರಳಿದರೆ ನೆಲ ಸೋರುತ್ತಿದೆ ಎಂದರ್ಥ. ಮರಳದಿದ್ದರೆ ಬಟ್ಟೆ ತೆಗೆದು ನಾಲ್ಕಾರು ಬಕೆಟ್ ನೀರನ್ನು ನೇರ ಟ್ರ್ಯಾಪಿಗೇ ಸುರಿದು ನೋಡಿ. ಹಳೆಯ ಮನೆಗಳಲ್ಲಿ ಹೊಸ ಟ್ರ್ಯಾಪನ್ನು ಹಳೆಯ ಕಾಂಕ್ರೀಟಿಗೆ ಕೂಡಿಸಿದ ಸಂದೇ ಸೋರುವುದುಂಟು. ಹಾಗಿದ್ದರೆ ಅದರ ಸುತ್ತಲಿನ ಒಂದೆರಡು ಟೈಲ್ಸ್ ಮಾತ್ರ ತೆಗೆದರೂ ಸಾಲಬಹುದು.

ನೀರು ನಿಲ್ಲುವುದು ಬೇರೆಯೇ ದೋಷ; ಅದಕ್ಕೆ ಕಾರಣ ವಾಟ, ಅಂದರೆ ನೆಲದ ಇಳಿಜಾರು, ತಪ್ಪಿರುವುದು. ಶವರ್ ಕೆಳಗಿನ ನೆಲಕ್ಕೆ ನಾಲ್ಕು ಅಡಿಗೆ ಅರ್ಧ ಅಂಗುಲದಿಂದ ಒಂದು ಅಂಗುಲದವರೆಗೆ ಇಳಿಜಾರು ಟ್ರ್ಯಾಪಿನ ಕಡೆಗೇ ಇರಬೇಕು. ರಸಮಟ್ಟವಿಟ್ಟು (ಮೇಸ್ತ್ರಿಗಳು ಮಟ್ಟ ನೋಡುವ, ಗುಳ್ಳೆಯಿರುವ ಪಟ್ಟಿ) ಅಳೆಯಬಹುದು, ಅದಿಲ್ಲದಿದ್ದರೆ ಮಕ್ಕಳ ಗೋಲಿಯೊಂದನ್ನು ಉರುಳಿಸಿದರೂ ಉತ್ತರ ಸಿಗುತ್ತದೆ. ವಾಟ ತಪ್ಪಿದ್ದರೆ ನೆಲದ ಟೈಲ್ಸ್ ಕಿತ್ತು ಮತ್ತೆ ಹಾಸದೆ ಬೇರೆ ದಾರಿಯಿಲ್ಲ. ವಾಟರ್ ಪ್ರೂಫಿಂಗ್ ಕೂಡ ಹಾಳಾಗಿದ್ದರೆ ಗೋಡೆಯ ಕೆಳಗಿನ ಸಾಲನ್ನೂ ತೆಗೆಸಬೇಕು, ಏಕೆಂದರೆ ಆ ಪದರ ಗೋಡೆಯ ಮೇಲೂ ಕನಿಷ್ಠ ಒಂದಡಿ, ಶವರ್ ನೀರು ಬಡಿಯುವ ಕಡೆ ಆಳೆತ್ತರ, ಏರಿರಬೇಕು. ಟೊಳ್ಳು ಸದ್ದಿನ ಟೈಲ್ಸ್ ಗೋಡೆಯಲ್ಲಿ ಒಂದೆರಡು ಮಾತ್ರ ಇದ್ದರೆ ಅವನ್ನಷ್ಟೇ ಬದಲಿಸಿದರಾಯಿತು; ನೆಲದಲ್ಲಿದ್ದರೆ ಅವುಗಳಡಿ ನೀರು ಸೇರುವ ಸಂಭವ ಹೆಚ್ಚು.

ಇಷ್ಟು ತಿಳಿದ ಮೇಲೆ ಗುತ್ತಿಗೆದಾರರನ್ನು ಮನೆಗೇ ಕರೆಸಿ, ನೀರು ಕಟ್ಟುವ ಪರೀಕ್ಷೆಯನ್ನು ಅವರೆದುರಿಗೆ ಇನ್ನೊಮ್ಮೆ ಮಾಡಿ. ನನ್ನ ಅನುಭವದಲ್ಲಿ ವಾದವಿವಾದದಲ್ಲಿ ಸೋಲೊಪ್ಪದ ಮೇಸ್ತ್ರಿಗಳು ಕಣ್ಣೆದುರು ತೊಟ್ಟಿಕ್ಕುವ ನೀರಿನ ಮುಂದೆ ಮೆತ್ತಗಾಗುವುದುಂಟು. ಅಂದೇ ದೋಷಗಳನ್ನೂ, ಯಾವ ದಿನದೊಳಗೆ ಏನನ್ನು ಸರಿಪಡಿಸಬೇಕೆಂಬುದನ್ನೂ, ಕೆಲಸ ಮುಗಿದು ಪರೀಕ್ಷೆಯಾದ ಬಳಿಕ 20,000 ಕೊಡುವಿರೆಂಬುದನ್ನೂ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳುಹಿಸಿ. ಹದಿನೈದು ದಿನದಲ್ಲಿ ಸ್ಪಂದಿಸದಿದ್ದರೆ ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸಾಗಿ ಕಳುಹಿಸಿ, ಒಬ್ಬ ಸಿವಿಲ್ ಎಂಜಿನಿಯರ್‌ರಿಂದ ವರದಿಯನ್ನೂ ಮತ್ತೊಬ್ಬ ಗುತ್ತಿಗೆದಾರರಿಂದ ದುರಸ್ತಿಯ ಅಂದಾಜನ್ನೂ ಬರೆಸಿಕೊಳ್ಳಿ. ಬೇರೆಯವರಿಂದ ಕೆಲಸ ಆರಂಭಿಸುವುದೇನಿದ್ದರೂ ಅದರ ನಂತರವೇ.

ಕರಾರುಪತ್ರ ಇಲ್ಲವೆಂದು ಎದೆಗುಂದಬೇಡಿ. ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ. ಯುಪಿಐ ಪಾವತಿಗಳು, ಸಂದೇಶಗಳು, ಟೈಲ್ಸ್ ಬಿಲ್ಲು ಅದನ್ನು ಸಮರ್ಥಿಸುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಇದು ಸೇವಾ ನ್ಯೂನತೆಯಾಗುತ್ತದೆ. ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ ನೋಡಬಹುದು. ಅಲ್ಲಿ ಬಗೆಹರಿಯದಿದ್ದರೆ ನಿಮ್ಮ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಮೊತ್ತ ಐದು ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಲೂಬಹುದು. ಒಟ್ಟು ಕೆಲಸವನ್ನು ಗುತ್ತಿಗೆ ಕೊಟ್ಟದ್ದು ನಿಮಗೆ ಅನುಕೂಲವೇ ಆಯಿತು; ನೀವೇ ನಿಂತು ದಿನಗೂಲಿ ಲೆಕ್ಕದಲ್ಲಿ ಮಾಡಿಸಿದ್ದರೆ ಅದು ಸೇವೆಯೇ ಅಲ್ಲವೆಂಬ ವಾದಕ್ಕೆ ಆಸ್ಪದವಿರುತ್ತಿತ್ತು.

ಕೆಲಸ ಯಾರಿಂದಲೇ ಮತ್ತೆ ಆಗಲಿ, ವಾಟರ್ ಪ್ರೂಫಿಂಗ್ ಒಣಗಿದ ಮೇಲೆ, ಟೈಲ್ಸ್ ಹಾಸುವ ಮುನ್ನ, 24 ಗಂಟೆ ನೀರು ಕಟ್ಟಿಸಿ, ಕೆಳಗಿನ ಚಾವಣಿಯನ್ನು ನೀವೇ ಕೈಯಿಟ್ಟು ನೋಡಿ; ಅದು ಒಣಗಿದ್ದರೆ ಮಾತ್ರ ಮುಂದಿನ ಕಂತು ಕೊಡಿ.