ತಗಡಿನ ಮೇಲೆ ಕತ್ತಲೆ ಮೂಡಿಸುವುದು ಹೇಗೆ?

ಪ್ರಶ್ನೆ: ನಾನು ಗ್ರಾಫಿಕ್ಸ್ ವಿಭಾಗದಲ್ಲಿ ಕಲಿಯುತ್ತಿದ್ದೇನೆ. ಹಳೆಯ ವಾಡೆಯೊಂದರ ಚಿತ್ರವನ್ನು ಜಿಂಕ್ ತಗಡಿನ ಮೇಲೆ ಎಚಿಂಗ್ (ಆಸಿಡ್ಡಿನಿಂದ ಗೆರೆ ಕೊರೆಯುವುದು) ಮಾಡಿದ್ದೇನೆ. ಗೆರೆಗಳು ಚೆನ್ನಾಗಿ ಬಂದಿವೆ. ಬಾಗಿಲೊಳಗಿನ ಕತ್ತಲೆಗಾಗಿ ಆ ಜಾಗವನ್ನಷ್ಟೂ ತೆರೆದಿಟ್ಟು ಬಹಳ ಹೊತ್ತು ಆಸಿಡ್ಡಿನಲ್ಲಿ ಬಿಟ್ಟರೂ ಅಚ್ಚಿನಲ್ಲಿ ಅಂಚು ಮಾತ್ರ ಕಪ್ಪಾಗಿ, ನಡುವೆಲ್ಲ ಬಿಳಿಚಿಕೊಂಡಿದೆ. ಆಕ್ವಾಟಿಂಟ್ ಮಾಡಿದರೆ ಸರಿಹೋದೀತೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಖಂಡಿತ ಸರಿಹೋಗುತ್ತದೆ, ಆ ತಗಡನ್ನು ಬಿಸಾಡಬೇಡಿ. ಗೆರೆಯ ತಗ್ಗು ಕಿರಿದಾದ್ದರಿಂದ ಅದರಲ್ಲಿ ಇಂಕು ನಿಲ್ಲುತ್ತದೆ. ಅಗಲವಾದ ಜಾಗ ಎಷ್ಟೇ ಆಳಕ್ಕೆ ಸವೆದರೂ ತಳ ಬಹುಮಟ್ಟಿಗೆ ನುಣುಪಾಗಿಯೇ ಉಳಿಯುವುದರಿಂದ, ತಗಡಿಗೆ ಇಂಕು ಹಚ್ಚಿ ಒರೆಸುವಾಗ ನಡುವಿನ ಇಂಕೆಲ್ಲ ಬಟ್ಟೆಗೆ ಬಂದುಬಿಡುತ್ತದೆ. ಅಲ್ಲಿ ಬೇಕಾದದ್ದು ಆಳವಲ್ಲ, ಇಂಕನ್ನು ಹಿಡಿದಿಡುವ ತರಿ.

ಆಕ್ವಾಟಿಂಟ್ ವಿಧಾನದಲ್ಲಿ ಆ ತರಿಯನ್ನು ಕೊಡುವುದು ರಾಳದ ಪುಡಿ; ಕರಗಿ ಅಂಟಿದ ಅದರ ಹನಿಗಳ ನಡುವೆ ಮಾತ್ರ ಆಸಿಡ್ ಲೋಹವನ್ನು ತಿನ್ನುತ್ತದೆ. ಹಳೆಯ ಗ್ರೌಂಡನ್ನು (ಆಸಿಡ್ ತಾಗದಂತೆ ಹಚ್ಚಿದ ಲೇಪವನ್ನು) ಪೂರ್ತಿ ತೆಗೆದು, ಜಿಡ್ಡು ಉಳಿಯದಂತೆ ತೊಳೆದು ಒಣಗಿಸಿದ ತಗಡಿನ ಮೇಲೆ ನುಣ್ಣಗೆ ಅರೆದ ರಾಳವನ್ನು ಬಟ್ಟೆಯ ಗಂಟಿನಿಂದಲೋ ಡಸ್ಟ್ ಬಾಕ್ಸಿನಲ್ಲೋ (ಪುಡಿ ಎಬ್ಬಿಸುವ ಮುಚ್ಚಿದ ಪೆಟ್ಟಿಗೆ) ಉದುರಿಸಿ, ಲೋಹ ಸುಮಾರು ಅರ್ಧದಷ್ಟು ಮುಚ್ಚಿದಾಗ ನಿಲ್ಲಿಸಿ, ಅಡಿಯಿಂದ ಬಿಸಿ ಮಾಡಿ. ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದರೆ, ಬಿಳಿಯ ಪುಡಿ ಇದ್ದಕ್ಕಿದ್ದಂತೆ ಮಾಯವಾಗಿ ಪಾರದರ್ಶಕ ಹನಿಗಳಾಗುವುದು ಕಾಣುತ್ತದೆ. ಆ ಕ್ಷಣವೇ ಉರಿಯನ್ನು ಸರಿಸಬೇಕು; ತಡವಾದರೆ ಹನಿಗಳು ಒಂದಕ್ಕೊಂದು ಕೂಡಿಕೊಂಡು ಆಸಿಡ್ಡಿಗೆ ದಾರಿಯೇ ಇಲ್ಲದಂತಾಗುತ್ತದೆ. ಗಾಳಿಯಲ್ಲಿ ತೇಲುವ ರಾಳದ ಪುಡಿ ಕಿಡಿ ತಾಗಿದರೆ ಸ್ಫೋಟಿಸಬಲ್ಲದು. ಆದ್ದರಿಂದ ಪುಡಿ ಉದುರಿಸುವ ಜಾಗದಿಂದ ಒಲೆ ದೂರವಿರಲಿ, ಮುಖಕ್ಕೆ ಮಾಸ್ಕ್ ಇರಲೇಬೇಕು.

ಇನ್ನು ಛಾಯೆಗಳ ಮಾತು. ತಿಳಿಯಿಂದ ಗಾಢದ ಕಡೆಗೆ ಸಾಗುವುದೇ ಇಲ್ಲಿನ ಕ್ರಮ. ತಗಡಿನ ಹಿಂಬದಿಯನ್ನೂ ಅಚ್ಚಬಿಳಿಯಾಗಿ ಉಳಿಯಬೇಕಾದ ಭಾಗಗಳನ್ನೂ ಮೊದಲೇ ಆಸಿಡ್ ತಡೆಯುವ ಸ್ಟಾಪ್‌ಔಟ್ ವಾರ್ನಿಷ್‌ನಿಂದ ಮುಚ್ಚಿ, ಕೆಲವೇ ಸೆಕೆಂಡು ಆಸಿಡ್ಡಿನಲ್ಲಿಟ್ಟು ತೊಳೆದು ಒಣಗಿಸಿ, ತೀರ ತಿಳಿಯಾದ ಬೂದು ಬೇಕಾದಲ್ಲಿ ಮುಚ್ಚಿ, ಮತ್ತೆ ಆಸಿಡ್ಡಿಗೆ ಬಿಡಬೇಕು. ಹೀಗೆ ಕೊನೆಗೆ ತೆರೆದಿರುವುದು ನಿಮ್ಮ ಬಾಗಿಲೊಂದೇ ಆಗಬೇಕು. ಪ್ರತಿ ಛಾಯೆ ಕಣ್ಣಿಗೆ ಬೇರೆಯಾಗಿ ಕಾಣಲು ಒಟ್ಟು ಅವಧಿ ಹಿಂದಿನದರ ಸುಮಾರು ಎರಡರಷ್ಟಾಗಬೇಕು: 5, 10, 20, 40 ಸೆಕೆಂಡು, ಹೀಗೆ. ಆದರೆ ನೈಟ್ರಿಕ್ ಆಸಿಡ್ಡಿನ ವೇಗ ಅದರ ಹದದೊಂದಿಗೂ ಅಂದಿನ ಸೆಕೆಯೊಂದಿಗೂ ಬದಲಾಗುವುದರಿಂದ ನನ್ನ ಅಂಕಿಗಳನ್ನು ನೆಚ್ಚಬೇಡಿ. ಅದೇ ಜಿಂಕಿನ ತುಂಡೊಂದಕ್ಕೆ ಅದೇ ರಾಳ ಹಾಕಿ, ಪಟ್ಟಿ ಪಟ್ಟಿಯಾಗಿ ಮುಚ್ಚುತ್ತಾ ಪರೀಕ್ಷೆಯ ಅಚ್ಚು ತೆಗೆದಿಟ್ಟುಕೊಳ್ಳಿ. ಅವಸರದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಈ ಕೆಲಸವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ.

ಹೆಚ್ಚು ಹೊತ್ತು ಬಿಟ್ಟಷ್ಟೂ ಹೆಚ್ಚು ಕಪ್ಪು ಎಂಬ ಎಣಿಕೆ ಒಂದು ಮಿತಿಯವರೆಗೆ ಮಾತ್ರ ನಿಜ. ಆಸಿಡ್ ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಿನ್ನುತ್ತದೆ. ಹನಿಗಳ ಅಡಿಯ ಲೋಹ ಸವೆದು ಅವು ಕಳಚಿಕೊಂಡರೆ ತರಿ ಹೋಗಿ, ನಿಮ್ಮ ಬಾಗಿಲು ಈಗಿನಂತೆಯೇ ಮತ್ತೆ ಬಿಳಿಚಿಕೊಳ್ಳುತ್ತದೆ.

ಛಾಯೆಯೊಂದೇ ಎಷ್ಟನ್ನು ಹೊರಬಲ್ಲದೆಂಬುದನ್ನು ನೋಡಬೇಕಾದರೆ ಸ್ಪೇನಿನ ಚಿತ್ರಕಾರ ಗೋಯಾ 1799ರಲ್ಲಿ ಪ್ರಕಟಿಸಿದ ‘ಲಾಸ್ ಕಾಪ್ರಿಚೋಸ್’ ಮಾಲೆಯ 80 ಚಿತ್ರಗಳಲ್ಲಿ 32ನೆಯದನ್ನು ಗಮನಿಸಿ. ಸೆರೆಮನೆಯಲ್ಲಿ ಕುಳಿತ ಹೆಂಗಸು, ಸುತ್ತಲಿನ ಕತ್ತಲೆ, ಲಾಂದ್ರದ ಬೆಳಕು, ಎಲ್ಲವೂ ಎಚಿಂಗ್ ಗೆರೆಯ ನೆರವಿಲ್ಲದೆ ಬರಿಯ ಆಕ್ವಾಟಿಂಟ್‌ನಲ್ಲೇ ಮೂಡಿವೆ. ನಿಮ್ಮ ಬಾಗಿಲಿಗೂ ಬಹುಶಃ ಮೂರು ಛಾಯೆ ಸಾಕು.

ಕೆಲಸ ಮುಗಿದ ಮೇಲೆ ವಾರ್ನಿಷನ್ನು ಟರ್ಪೆಂಟೈನ್‌ನಿಂದಲೂ ರಾಳವನ್ನು ಸ್ಪಿರಿಟ್‌ನಿಂದಲೂ ತೆಗೆದು ಅಚ್ಚು ನೋಡಿ. ಗಾಢವಾದುದನ್ನು ನುಣುಪಾದ ಉಕ್ಕಿನ ಸಾಧನವಾದ ಬರ್ನಿಷರ್‌ನಿಂದ ಉಜ್ಜಿ ತಿಳಿಗೊಳಿಸಬಹುದು. ತಿಳಿಯಾಗಿ ಉಳಿದುದಕ್ಕೆ ಮತ್ತೆ ರಾಳ ಹಾಕಬೇಕು.