ಟ್ಯಾಂಗೊ ‘ನಮ್ಮದಲ್ಲ’ ಅಂತಾರೆ, ಏನು ಮಾಡಲಿ?

ಪತ್ರ: ಭರತನಾಟ್ಯ ಕಲಿತವಳು ನಾನು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಗೆಳತಿ ಜೊತೆ ಟ್ಯಾಂಗೊ (ಇಬ್ಬರು ಅಪ್ಪಿ ಹಿಡಿದು ಕುಣಿಯುವ ದಕ್ಷಿಣ ಅಮೆರಿಕದ ನೃತ್ಯ) ಕ್ಲಾಸಿಗೆ ಹೋದೆ, ಅದೇ ಹಿಡಿಸಿಬಿಟ್ಟಿತು. ತಟ್ಟಿ ತಟ್ಟಿ ಅಡವು ಹಾಕಿದ ಕಾಲಿಗೆ ನೆಲ ಸವರಿಕೊಂಡು ನಡೆಯಲು ಕಲಿಸುವುದೇ ದೊಡ್ಡ ಕೆಲಸವಾಯಿತು. ಈಗ ಟಿಳಕವಾಡಿಯಲ್ಲಿ ಕಲಿಸುತ್ತೇನೆ. ‘ಅಪ್ಪಿಕೊಂಡು ಕುಣಿಯೋದು ನಮ್ಮದಲ್ಲ’ ಅಂತಾರೆ ಇಲ್ಲಿಯವರು. ದೂರ ನಿಂತು ಕುಣಿಯುವ ಹಾಗೆ ಬದಲಿಸಲಾ?
– ನೃತ್ಯ ಶಿಕ್ಷಕಿ, ಬೆಳಗಾವಿ

ಉತ್ತರ: ಬದಲಿಸಬೇಡಿ, ಟೀಚರ್. ಭರತನಾಟ್ಯದಲ್ಲಿ ಮುಂದಿನ ಅಡವು ಯಾವುದು ಅಂತ ಮೊದಲೇ ಗೊತ್ತಿರುತ್ತದೆ. ಟ್ಯಾಂಗೊದಲ್ಲಿ ಹಾಗಲ್ಲ. ನಡೆಸುವವರ ಎದೆ ಒಂಚೂರು ತಿರುಗಿದರೆ ಸಾಕು, ಜೊತೆಯವರ ಕಾಲು ಆ ಕಡೆ ಹೋಗಬೇಕು. ಆ ಸುದ್ದಿ ಮುಟ್ಟುವುದೇ ಅಪ್ಪುಗೆಯಿಂದ. ಅದನ್ನು ತೆಗೆದರೆ ಉಳಿಯುವುದು ಬರೀ ಡ್ರಿಲ್ಲು.

ಆದರೆ ಎದೆಗೆ ಎದೆ ತಾಗಲೇಬೇಕು ಅಂತಿಲ್ಲ, ಅಲ್ವಾ? ನಡುವೆ ಜಾಗ ಬಿಟ್ಟು ತೋಳು ಹಿಡಿಯುವ ಅಪ್ಪುಗೆಯೂ ಅಸಲಿ ಟ್ಯಾಂಗೊವೇ. ಹೊಸಬರಿಗೆ ಅದರಿಂದಲೇ ಶುರು ಮಾಡಿ. ಹೆಂಗಸರ ಜೊತೆ ಹೆಂಗಸರು, ಗಂಡಸರ ಜೊತೆ ಗಂಡಸರು ಅಭ್ಯಾಸ ಮಾಡಲಿ. ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಹಿಂದೆ ಹುಡುಗರು ಹುಡುಗರ ಜೊತೆಗೇ ಕಲಿಯುತ್ತಿದ್ದರು. ನಡೆಸುವುದು, ಹಿಂಬಾಲಿಸುವುದು ಎರಡೂ ಎಲ್ಲರಿಗೂ ಬರಲಿ. ಇನ್ನೊಂದು: ಅಲ್ಲಿನ ಟ್ಯಾಂಗೊ ಕೂಟಗಳಲ್ಲಿ ಕೈ ಹಿಡಿದು ಎಳೆಯುವ ಹಾಗಿಲ್ಲ. ದೂರದಿಂದ ಕಣ್ಣಲ್ಲೇ ಕೇಳಬೇಕು, ಒಪ್ಪಿಗೆಯಿದ್ದವರು ತಲೆಯಾಡಿಸುತ್ತಾರೆ. ಇಷ್ಟವಿಲ್ಲದವರು ಮುಖ ತಿರುಗಿಸಿದರೆ ಮುಗೀತು. ಈ ಕಟ್ಟುಪಾಡನ್ನು ಕಲಿಯುವವರ ಮನೆಯವರಿಗೆ ಮೊದಲ ದಿನವೇ ತೋರಿಸಿ. ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ಇನ್ನು ‘ನಮ್ಮದಲ್ಲ’ ಅನ್ನೋ ಮಾತು. ಇದನ್ನು ಬೆಳಗಾವಿಯವರಿಗಿಂತ ಮೊದಲು ಅಂದವರು ಬ್ಯೂನಸ್ ಐರಿಸ್‌ನ ದೊಡ್ಡ ಮನೆಯವರೇ! 19ನೇ ಶತಮಾನದ ಕೊನೆಗೆ ಅಲ್ಲಿಯ ಮತ್ತು ಪಕ್ಕದ ಉರುಗ್ವೆಯ ಮಾಂಟೆವಿಡಿಯೊದ ಬಡ ಕೇರಿಗಳಲ್ಲಿ, ವಲಸೆ ಬಂದವರು ಮತ್ತು ಆಫ್ರಿಕಾ ಮೂಲದವರ ನಡುವೆ ಹುಟ್ಟಿದ ಕುಣಿತ ಇದು. 1913ರ ಹೊತ್ತಿಗೆ ಪ್ಯಾರಿಸ್ ಮರುಳಾದ ಮೇಲೆ ಮರ್ಯಾದಸ್ತರಿಗೂ ರುಚಿಸಿತು. 2009ರಲ್ಲಿ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು. ಟ್ಯಾಂಗೊದ ಉಸಿರಾದ ಬ್ಯಾಂಡೋನಿಯನ್ ಕೂಡ ಜರ್ಮನಿಯಿಂದ ಬಂದ ವಾದ್ಯ. ನಮ್ಮ ಶ್ರೀಕೃಷ್ಣ ಪಾರಿಜಾತ ಬಯಲಾಟದ ಪೇಟಿಯ (ಹಾರ್ಮೋನಿಯಂ) ಹಾಗೆ ಅದಕ್ಕೂ ತಿದಿ, ಲೋಹದ ನಾಲಗೆ. ಆ ಪೇಟಿ ಎಲ್ಲಿಂದ ಬಂತು ಅಂತೀರಿ? ಯುರೋಪಿನಿಂದಲೇ. ಪಾರಿಜಾತ ನೋಡುವಾಗ ಯಾರಾದರೂ ಎದ್ದು ಹೋದದ್ದುಂಟಾ?

ಅಂದಹಾಗೆ, ಸಿನಿಮಾ ಹಾಡಿಗೆ ಮಾಡಿಸಿ ಅಂತ ಗಂಟು ಬಿದ್ದರೆ ವಾರ್ಷಿಕೋತ್ಸವಕ್ಕೆ ಒಂದು ಮಾಡಿಸಿ, ಕ್ಲಾಸಿನೊಳಗೆ ಬೇಡ. ಮುಂದಿನ ಸಂಚಿಕೆಗೆ ನಿಮ್ಮ ಕ್ಲಾಸಿನ ಬಗ್ಗೆ ಎರಡು ಪುಟ ಬರೆದು ಕೊಡ್ತೀರಾ? ಫೋಟೋ ಕಳಿಸುವುದಾದರೆ ಕಲಿಯುವವರನ್ನು ಕೇಳಿಯೇ ಕಳಿಸಿ.