ಸಂಪಾದಕರ ಉತ್ತರ: ಹನ್ನೊಂದನೆಯ ಅಂಗಿಯನ್ನು ಮಡಚಿಡುವುದು ಬೇಡ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಸುನೀಲ್ ಛೆಟ್ರಿ ಬೂಟು ಕಳಚಿದ ದಿನವೇ ಬೆಂಗಳೂರು ಎಫ್‌ಸಿ 11ನೇ ಸಂಖ್ಯೆಯ ಜೆರ್ಸಿಯನ್ನು ಶಾಶ್ವತವಾಗಿ ತೆಗೆದಿಡಬೇಕು. ಮರಡೋನಾಗಾಗಿ ನಾಪೋಲಿ ಕ್ಲಬ್ ಹತ್ತನ್ನು ತೆಗೆದಿಟ್ಟಿಲ್ಲವೇ? ನಮ್ಮವರಿಗೆ ಅಷ್ಟೂ ಕೃತಜ್ಞತೆ ಬೇಡವೇ?"

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಛೆಟ್ರಿಯ ಮೇಲೆ ನಿಮಗಿರುವ ಪ್ರೀತಿ ನನಗೂ ಇದೆ. 2013ರಲ್ಲಿ ಕ್ಲಬ್ ಹುಟ್ಟಿದಾಗಲೇ ಬಂದು, ಮೊದಲ ಋತುವಿನಲ್ಲೇ ದೇಶದ ಅಂದಿನ ಅಗ್ರ ಲೀಗ್ ಆದ ಐ-ಲೀಗ್ ಗೆಲ್ಲಿಸಿಕೊಟ್ಟವರು ಅವರು. ಆದರೂ ನಿಮ್ಮ ಬೇಡಿಕೆಯನ್ನು ಒಪ್ಪಲಾರೆ. ಅದಕ್ಕೆ ಕಾರಣ ಹೇಳಬೇಕೆಂದರೆ ನೀವೇ ಹೆಸರಿಸಿದ ನಾಪೋಲಿಯ ಊರಿಗೆ, ಇಟಲಿಯ ನೇಪಲ್ಸ್‌ಗೆ ಹೋಗಬೇಕು.

1984ರ ಜುಲೈನಲ್ಲಿ ಮರಡೋನಾ ಆ ಬಂದರು ನಗರಕ್ಕೆ ಕಾಲಿಟ್ಟಾಗ ನಾಪೋಲಿ ಒಮ್ಮೆಯೂ ಇಟಲಿಯ ಲೀಗ್ ಗೆದ್ದಿರಲಿಲ್ಲ. ಕಪ್ಪುಗಳಲ್ಲಿ ಹೆಚ್ಚಿನವು ಉತ್ತರದ ಸಿರಿವಂತ ಟ್ಯೂರಿನ್, ಮಿಲಾನ್‌ಗಳ ಪಾಲಾಗುತ್ತಿದ್ದವು. ದಕ್ಷಿಣದವರಿಗೆ ಅವಮಾನದ ಘೋಷಣೆಗಳೇ ಉಡುಗೊರೆ. 1987ರಲ್ಲಿ ನಾಪೋಲಿ ಗೆದ್ದಿತು, 1990ರಲ್ಲಿ ಮತ್ತೆ ಗೆದ್ದಿತು, ನಡುವೆ 1989ರಲ್ಲಿ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್ಪನ್ನೂ ತಂದಿತು. ಇಷ್ಟಾದರೂ 1991ರಲ್ಲಿ ಮರಡೋನಾ ಹೊರಟುಹೋದಾಗ ಹತ್ತನ್ನು ಯಾರೂ ತೆಗೆದಿಡಲಿಲ್ಲ. ತೆಗೆದಿಡುವಂತೆಯೂ ಇರಲಿಲ್ಲ. ಆಗ ಮೈದಾನಕ್ಕಿಳಿಯುವ ಹನ್ನೊಂದು ಮಂದಿ ಒಂದರಿಂದ ಹನ್ನೊಂದರವರೆಗಿನ ಸಂಖ್ಯೆಗಳನ್ನೇ ತೊಡಬೇಕಿತ್ತು. ಜಾನ್‌ಫ್ರಾಂಕೊ ಜೋಲಾ ಅದೇ ಹತ್ತನ್ನು ತೊಟ್ಟು ಆಡಿದರು. ಒಬ್ಬ ಆಟಗಾರನಿಗೆ ಇಡೀ ಋತು ಒಂದೇ ಸಂಖ್ಯೆ ಎಂಬ ಪದ್ಧತಿ ಇಟಲಿಗೆ ಬಂದದ್ದು 1995ರಲ್ಲಿ. ನಾಪೋಲಿ ಹತ್ತಕ್ಕೆ ನಿವೃತ್ತಿ ಕೊಟ್ಟದ್ದು 2000ದಲ್ಲಿ.

ನನ್ನ ಮನಸ್ಸನ್ನು ಹೆಚ್ಚು ತಟ್ಟುವುದು ಆಮೇಲಿನ ಕಥೆ. 2004ರಲ್ಲಿ ಕ್ಲಬ್ ದಿವಾಳಿಯಾಗಿ ಮೂರನೆಯ ದರ್ಜೆಗೆ ಬಿತ್ತು. ಅಲ್ಲಿ ಇನ್ನೂ ಹಳೆಯ ಒಂದರಿಂದ ಹನ್ನೊಂದರ ನಿಯಮವೇ ಇತ್ತು. ಪೆಟ್ಟಿಗೆಯೊಳಗೆ ಇಟ್ಟಿದ್ದ ಹತ್ತನ್ನು ಹೊರತೆಗೆಯಲೇಬೇಕಾಯಿತು. ಹಾಗೆ ತೊಟ್ಟವರಲ್ಲಿ ರೊಬೆರ್ಟೊ ಸೋಸಾ ಎಂಬ ಅರ್ಜೆಂಟೀನಾದವರೂ ಇದ್ದರು. ಮನೆ ಕುಸಿದ ದಿನಗಳಲ್ಲಿ ಆ ಅಂಗಿ ಮತ್ತೆ ಬೆವರು ಕಂಡಿತು. ಮೇಲಿನ ದರ್ಜೆಗಳಿಗೆ ಏರಿದ ಮೇಲೆ ಕ್ಲಬ್ ಅದನ್ನು ಪುನಃ ಮಡಚಿಟ್ಟಿತು. 2020ರ ನವೆಂಬರ್‌ನಲ್ಲಿ ಮರಡೋನಾ ತೀರಿಕೊಂಡರು. ಮರುತಿಂಗಳೇ ಕ್ರೀಡಾಂಗಣಕ್ಕೆ ಅವರ ಹೆಸರು ಬಂತು. ಮೂವತ್ತಮೂರು ವರ್ಷಗಳ ನಂತರ, 2023ರಲ್ಲಿ ನಾಪೋಲಿ ಮತ್ತೆ ಚಾಂಪಿಯನ್ ಆದಾಗ ಆ ತಂಡದಲ್ಲಿ ಹತ್ತನೆಯ ಸಂಖ್ಯೆಯೇ ಇರಲಿಲ್ಲ. ಆ ಊರಿಗೆ ಅದು ಸರಿ. ಅಲ್ಲಿ ಮರಡೋನಾ ಮಾಡಿದ್ದನ್ನು ಅವರಿಗಿಂತ ಮೊದಲು ಯಾರೂ ಮಾಡಿರಲಿಲ್ಲ.

ಆದರೆ ಅದೇ ಮರಡೋನಾ, ಅದೇ ಹತ್ತು, ಅರ್ಜೆಂಟೀನಾದಲ್ಲಿ ಬೇರೆ ದಾರಿ ಹಿಡಿಯಿತು. 2002ರ ವಿಶ್ವಕಪ್‌ಗೆ ಅಲ್ಲಿನ ಸಂಸ್ಥೆ ಹತ್ತನ್ನು ಬಿಟ್ಟು, 24ರವರೆಗೆ ಸಂಖ್ಯೆ ಹಾಕಿ ತಂಡದ ಪಟ್ಟಿ ಕಳಿಸಿತು. ಒಂದರಿಂದ 23ರವರೆಗೆ ಎಲ್ಲವೂ ಇರಲೇಬೇಕು ಎಂದು ಫಿಫಾ ಅದನ್ನು ತಿರಸ್ಕರಿಸಿತು. ಏರಿಯಲ್ ಒರ್ಟೆಗಾ ಹತ್ತನ್ನು ತೊಟ್ಟರು. ಫಿಫಾ ಅಂದು ಒಪ್ಪಿಬಿಟ್ಟಿದ್ದರೆ ಏನಾಗುತ್ತಿತ್ತು, ಯೋಚಿಸಿ. 2022ರ ಡಿಸೆಂಬರ್‌ನಲ್ಲಿ ಕತಾರ್‌ನಲ್ಲಿ ವಿಶ್ವಕಪ್ ಎತ್ತಿದ ಮೆಸ್ಸಿಯ ಬೆನ್ನಿನ ಮೇಲೆ ಹತ್ತು ಇರುತ್ತಿರಲಿಲ್ಲ. ಮರಡೋನಾ ಹೆಸರನ್ನು ವರ್ಷಗಟ್ಟಲೆ ಬಿಡದೆ ಜನರ ಬಾಯಲ್ಲಿ ಇಟ್ಟದ್ದೇ ಆ ಸಂಖ್ಯೆಯ ಭಾರ ಹೊತ್ತ ಆ ಹುಡುಗ. ಮ್ಯಾಂಚೆಸ್ಟರ್ ಯುನೈಟೆಡ್‌ನ ಏಳೂ ಹಾಗೆಯೇ: ಬೆಸ್ಟ್, ರಾಬ್ಸನ್, ಕಾಂಟೊನಾ, ಬೆಕಮ್, ರೊನಾಲ್ಡೊ. ಬೆಸ್ಟ್ ನಂತರ ಏಳನ್ನು ಬೀಗ ಹಾಕಿ ಇಟ್ಟಿದ್ದರೆ ಈ ಸಾಲೇ ಹುಟ್ಟುತ್ತಿರಲಿಲ್ಲ.

ಅಮೆರಿಕದ ಫುಟ್‌ಬಾಲ್ ಬೇರೆಯೇ ಆಟ, ಆದರೂ ಒಂದು ಮಾತು. ಅಲ್ಲಿನ ಷಿಕಾಗೊ ಬೇರ್ಸ್ 14 ಸಂಖ್ಯೆಗಳನ್ನು ತೆಗೆದಿಟ್ಟು, 2013ರಲ್ಲಿ ಮೈಕ್ ಡಿಟ್ಕಾ ಅವರ 89ರ ನಂತರ ಇನ್ನು ಸಾಕು ಎಂದಿತು. ಪ್ರತಿ ತಲೆಮಾರೂ ತನ್ನ ವೀರರ ಸಂಖ್ಯೆಯನ್ನು ಒಳಗಿಡುತ್ತ ಹೋದರೆ ಮುಂದಿನವರಿಗೆ ತೊಡಲು ಉಳಿಯುವುದೇನು?

ಸಾವಿನ ಮಾತು ಬೇರೆ. ಮಾರ್ಕ್-ವಿವಿಯನ್ ಫೋ 2003ರ ಜೂನ್ 26ರಂದು ಲಿಯಾನ್‌ನಲ್ಲಿ ಕ್ಯಾಮರೂನ್ ಪರ ಆಡುತ್ತಲೇ ಕುಸಿದು ತೀರಿಕೊಂಡರು. ಆ ಋತುವಿನಲ್ಲಿ ಅವರು ಮ್ಯಾಂಚೆಸ್ಟರ್ ಸಿಟಿಯಲ್ಲಿದ್ದರು. ಹಳೆಯ ಮೇನ್ ರೋಡ್ ಮೈದಾನದಲ್ಲಿ ಸಿಟಿಯ ಕೊನೆಯ ಗೋಲು ಅವರದೇ. ಕ್ಲಬ್ ಅವರ 23ನ್ನು ತೆಗೆದಿಟ್ಟಿತು. ಫಿಯೊರೆಂಟಿನಾದ ನಾಯಕ ಡೇವಿಡ್ ಅಸ್ಟೋರಿ 2018ರ ಮಾರ್ಚ್‌ನಲ್ಲಿ ಪಂದ್ಯಕ್ಕೆ ಮುನ್ನ ಹೋಟೆಲಿನ ಕೋಣೆಯಲ್ಲೇ ಉಸಿರು ನಿಲ್ಲಿಸಿದಾಗ, ಆ ಕ್ಲಬ್ ಮಾತ್ರವಲ್ಲ, ಅವರು ಹಿಂದೆ ಆಡಿದ್ದ ಕಾಲಿಯಾರಿ ಕ್ಲಬ್ ಕೂಡ ಅವರ 13ನ್ನು ಮಡಚಿಟ್ಟಿತು. ಅರ್ಧದಲ್ಲಿ ನಿಂತ ಬದುಕಿನ ಅಂಗಿಯನ್ನು ಇನ್ನೊಬ್ಬರಿಗೆ ತೊಡಿಸಲು ಕೈ ಬರುವುದಿಲ್ಲ. ಅಲ್ಲಿ ವಾದಕ್ಕೆ ಜಾಗವಿಲ್ಲ.

ಛೆಟ್ರಿಯ ಆಟ ಹಾಗೆ ಅರ್ಧದಲ್ಲಿ ನಿಂತದ್ದಲ್ಲ; ತುಂಬಿ ಹರಿದದ್ದು. ಅವರು ನಿಂತ ಮೇಲೆ ಒಂದೆರಡು ವರ್ಷ 11 ಖಾಲಿ ಇರಲಿ, ಅದು ಬೇಕು. ಆಮೇಲೆ ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಒಬ್ಬ ಹುಡುಗನಿಗೆ ಅದನ್ನು ಛೆಟ್ರಿ ತಮ್ಮ ಕೈಯಿಂದಲೇ ಕೊಡಲಿ. ಆ ದಿನ ಕಂಠೀರವದ ಗ್ಯಾಲರಿಯಲ್ಲಿ ನಿಮ್ಮ ಪಕ್ಕದಲ್ಲಿ ನಾನಿರಬೇಕು ಎಂಬುದು ನನ್ನ ಆಸೆ.

ಕೃತಜ್ಞತೆಯ ಮಾತು ಎತ್ತಿದಿರಿ, ಅದು ನನ್ನನ್ನು ಬೇರೆ ಕಡೆಗೆ ಎಳೆಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2–1ರಿಂದ ಸೋತಿತು. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಹಲಸೂರಿನ ಬಳಿಯ ಗೌತಮಪುರದ ಜನ ಪೆಲೆಗೆ ಪ್ರತಿಮೆ ನಿಲ್ಲಿಸಿದ್ದಾರೆ, ಅಷ್ಟು ಫುಟ್‌ಬಾಲ್ ಪ್ರೀತಿ ಈ ನಗರಕ್ಕಿದೆ. ಆದರೆ ರಾಮನ್ ಹೆಸರನ್ನು ನಮ್ಮ ಮಕ್ಕಳು ಎಲ್ಲಿ ಕೇಳುತ್ತಾರೆ? ತೆಗೆದಿಡಲು ಅವರದೊಂದು ಅಂಗಿಯೂ ನಮ್ಮ ಬಳಿ ಇಲ್ಲ. ಅವರ ಆಟ ನೋಡಿದ ಹಿರಿಯರು, ಅವರ ಕಾಲದ ಮೈಸೂರು ತಂಡದ ನೆನಪು ಇರುವವರು ನಿಮ್ಮ ಊರಿನಲ್ಲಿ ಯಾರಾದರೂ ಇದ್ದರೆ ಅವರ ಮಾತುಗಳನ್ನು ಬರೆದುಕೊಂಡು ನಮಗೆ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಅವುಗಳಿಗೆ ಪುಟ ಮೀಸಲಿಡುತ್ತೇನೆ.